ಈಜು ಬಾರದವರಿಗೂ ಕಡಲಿನ ಕೆಲಸ ಇದೆಯಾ?

ಪ್ರಶ್ನೆ: ಜೀವಶಾಸ್ತ್ರದಲ್ಲಿ ಪದವಿ ಓದುತ್ತಿದ್ದೇನೆ. ಸಮುದ್ರ ಉಳಿಸುವ ಕೆಲಸಕ್ಕೇ ಹೋಗಬೇಕೆಂದು ಆಸೆ. ಆದರೆ ಈಜು ಬರುವುದಿಲ್ಲ, ದೋಣಿ ಹತ್ತಿದರೆ ಹತ್ತೇ ನಿಮಿಷಕ್ಕೆ ವಾಂತಿ. ಮನೆಯವರು ನಗುತ್ತಾರೆ. ಈ ಆಸೆ ಬಿಟ್ಟುಬಿಡಲಾ?

ಉತ್ತರ: ಬೇಡ, ಬಿಡಬೇಡಿ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಸುತ್ತಿದರಲ್ಲ, ಅವರಿಗೂ ಕಡಲು ಕೊನೆಯವರೆಗೆ ಒಗ್ಗಲಿಲ್ಲ, ಹೊಟ್ಟೆ ತೊಳಸುತ್ತಲೇ ಇತ್ತು. ಆದರೂ ಉಂಗುರದಂಥ ಹವಳದ ದ್ವೀಪ ಹೇಗೆ ಹುಟ್ಟುತ್ತದೆ ಅಂತ ಹೇಳಿದ್ದು ಅವರೇ. ಜ್ವಾಲಾಮುಖಿ ಬೆಟ್ಟ ನಿಧಾನಕ್ಕೆ ಮುಳುಗುತ್ತದೆ, ಹವಳ ಮೇಲಕ್ಕೆ ಬೆಳೆಯುತ್ತಾ ಹೋಗುತ್ತದೆ ಅಂದರು. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಅನ್ನುವ ಅಂಥದ್ದೇ ದ್ವೀಪದಲ್ಲಿ 1200 ಮೀಟರಿಗೂ ಆಳಕ್ಕೆ ಕೊರೆದು ನೋಡಿದರೆ ಅಡಿಯಲ್ಲಿ ಜ್ವಾಲಾಮುಖಿ ಕಲ್ಲೇ ಸಿಕ್ಕಿತು!

ಈಗಂತೂ ಈ ಕೆಲಸದಲ್ಲಿ ನೀರಿಗಿಂತ ಲೆಕ್ಕವೇ ಜಾಸ್ತಿ. ಆರ್ಗೋ ಅನ್ನುವ ತೇಲುವ ಯಂತ್ರಗಳು ಸುಮಾರು 4000 ಇವೆ. ಹೆಚ್ಚಿನವು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಆ ಅಂಕಿಗಳು ಎಲ್ಲರಿಗೂ ಉಚಿತ. ಒಂದು ಭಾನುವಾರ ಅದನ್ನು ಇಳಿಸಿಕೊಂಡು, ಆರ್ ಅಥವಾ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ಗ್ರಾಫ್ ಎಳೆದು ನೋಡಿ. ಎದ್ದು ಹೋಗೋಣ ಅನ್ನಿಸಿದರೆ ಯೋಚನೆ ಮಾಡಬೇಕಾದ್ದು ಅಲ್ಲಿ, ವಾಂತಿಯ ಬಗ್ಗೆ ಅಲ್ಲ. ಸಂಖ್ಯಾಶಾಸ್ತ್ರವನ್ನು ಸುಮ್ನೆ ಪಾಸಾಗುವಷ್ಟು ಓದಿದರೆ ಸಾಲದು.

ಇನ್ನು ಉಳಿಸುವ ಕೆಲಸ ಅಂದರೆ ಮುಕ್ಕಾಲು ಪಾಲು ಮನುಷ್ಯರ ಜೊತೆಗಿನ ಕೆಲಸ. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಗೆ ಸಿಕ್ಕ ಆಮೆ ಹೊರಗೆ ಹೋಗಲಿ ಅಂತ ಒಂದು ಸಾಧನ ಇದೆ, ಬಲೆಯೊಳಗೆ ಓರೆಯಾಗಿ ನಿಲ್ಲಿಸಿದ ಕಂಬಿಗಳು, ಅವುಗಳ ಹತ್ತಿರ ಬಲೆಯ ಮೇಲ್ಗಡೆ ಇಲ್ಲವೇ ಕೆಳಗಡೆ ಒಂದು ಕಿಂಡಿ. ಸಿಗಡಿ ಕಂಬಿಗಳ ನಡುವೆ ನುಸುಳಿ ಬಲೆಯ ತುದಿಗೆ ಹೋಗುತ್ತದೆ, ಆಮೆ ಕಿಂಡಿಯಿಂದ ಪಾರಾಗುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಆ ಕಿಂಡಿಯಲ್ಲಿ ತನ್ನ ಹಿಡಿತವೂ ಹೋಗುತ್ತದೆ ಅಂತ ಮೀನುಗಾರನಿಗೆ ಅನ್ನಿಸಿದರೆ ಅದನ್ನು ಹೊಲಿದೇ ಬಿಡುತ್ತಾನೆ. ಅವನ ಪಕ್ಕ ಕೂತು, ಅವನ ನಷ್ಟವನ್ನೂ ಲೆಕ್ಕಕ್ಕೆ ಹಿಡಿದು ಮಾತಾಡಬಲ್ಲವರು ಬೇಕು. ಅಂಥವರೇ ಕಡಿಮೆ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಮೊದಮೊದಲು ಸಿಗುವುದು ಹೆಚ್ಚಾಗಿ ಯೋಜನೆಯ ಕೆಲಸ, ಯೋಜನೆಗೆ ಬಂದ ಹಣ ಮುಗಿದರೆ ಕೆಲಸವೂ ಮುಗಿಯಿತು. ಅನುಭವ ಕೊಡಿಸುತ್ತೇವೆ ಅಂತ ನಿಮ್ಮಿಂದಲೇ ದುಡ್ಡು ಕೇಳುವವರೂ ಇದ್ದಾರೆ, ಕೊಡುವ ಮೊದಲು ಅಲ್ಲಿ ಏನು ಕಲಿಸುತ್ತಾರೆ ಅಂತ ಬಿಡಿಸಿ ಕೇಳಿ.

ಹಾಂ, ಈಜು ಮಾತ್ರ ಕಲಿತುಬಿಡಿ. ಎಷ್ಟೇ ಮೇಜಿನ ಕೆಲಸ ಅಂದರೂ ದೋಣಿ ಹತ್ತುವ ದಿನ ಬಂದೇ ಬರುತ್ತದೆ.