ಬಿತ್ತನೆ ಭತ್ತ ಆರಿಸಲು ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವುದು ಯಾಕೆ?

ಮೊಟ್ಟೆ ಇಲ್ಲಿ ಅಳತೆಗೋಲು, ಅಷ್ಟೇ. ಪೂಜೆಗೀಜೆ ಏನೂ ಅಲ್ಲ!

ಯಾವ ವಸ್ತುವೇ ಆಗಲಿ, ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕ ತನ್ನ ತೂಕಕ್ಕೆ ಸಮ ಆಗುವವರೆಗೆ ಮುಳುಗುತ್ತದೆ, ಪೂರ್ತಿ ಮುಳುಗಿದರೂ ಸಮ ಆಗದಿದ್ದರೆ ಸೀದಾ ತಳಕ್ಕೆ. ಒಂದು ಲೀಟರ್ ನೀರು ಸುಮಾರು 1 ಕೆಜಿ. ಅಷ್ಟೇ ಜಾಗ ಹಿಡಿಯುವ ವಸ್ತು ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದೇ ಸಾಪೇಕ್ಷ ಸಾಂದ್ರತೆ. ತಾಜಾ ಮೊಟ್ಟೆಯದು ಹೆಚ್ಚುಕಡಿಮೆ 1.08, ಹಾಗಾಗಿ ಸಾದಾ ನೀರಲ್ಲಿ ಅದು ತಳ ಸೇರುತ್ತದೆ.

ಈಗ ಬಕೆಟ್‌ಗೆ ಉಪ್ಪು ಹಾಕುತ್ತಾ ಕಲಕಿ. ನೀರು ಭಾರವಾಗುತ್ತಾ ಹೋಗುತ್ತದೆ. ಅದು 1.13 ಮುಟ್ಟಿದರೆ 1.08 ಭಾಗಿಸು 1.13, ಅಂದರೆ ಮೊಟ್ಟೆಯ ನೂರರಲ್ಲಿ 96 ಪಾಲು ನೀರೊಳಗೆ, ಉಳಿದ ಚೂರು ನಾಣ್ಯದಷ್ಟು ಅಗಲಕ್ಕೆ ಮೇಲೆ ಕಾಣುತ್ತದೆ. ಉಪ್ಪು ಸಾಕು ಅಂತ ಅದೇ ಗುರುತು.

ಸಾದಾ ನೀರಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ, ಅರೆಬರೆ ತುಂಬಿದ ಕಾಳು ಗಟ್ಟಿ ಕಾಳಿನ ಜೊತೆ ಸುಮ್ನೆ ಕೆಳಗೆ ಕೂತುಬಿಡುತ್ತದೆ. ಉಪ್ಪುನೀರಲ್ಲಿ ಅದರ ಆಟ ನಡೆಯಲ್ಲ, ಮೇಲೆ ಬರಲೇಬೇಕು. ತೇಲಿದ್ದನ್ನು ತೆಗೆದುಹಾಕಿ, ತಳದ್ದನ್ನು ಇಟ್ಟುಕೊಳ್ಳಿ.

ಮೊಟ್ಟೆ ಮಾತ್ರ ತಾಜಾ ಇರಲಿ. ಹಳೆಯದಾದಂತೆ ಒಳಗಿನ ನೀರಿನಂಶ ಆರಿ ಗಾಳಿಗೂಡು ದೊಡ್ಡದಾಗುತ್ತದೆ, ಆಗ ಅದು ಉಪ್ಪಿಲ್ಲದೆಯೂ ತೇಲಿ ನಿಮಗೆ ಟೋಪಿ ಹಾಕುತ್ತದೆ. ಆರಿಸಿದ ಬೀಜವನ್ನು ಕೂಡಲೇ ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಮೊಳಕೆಗೆ ತೊಂದರೆ.