20 ಎಂಬಿ ಫೈಲು 27 ಆಗುವುದು ಹೇಗೆ?

ಪ್ರಶ್ನೆ: ನನ್ನ ಪಿಡಿಎಫ್ 20 ಎಂಬಿ ಇತ್ತು. ಅತ್ತ ಕಡೆಯವರ ಮೇಲ್‌ಗೆ 25 ಎಂಬಿ ತನಕ ಬರುತ್ತದಂತೆ. ಆದರೂ ಗಾತ್ರ ಹೆಚ್ಚಾಯಿತೆಂದು ವಾಪಸ್ ಬಂತು. ಜಿಪ್ ಮಾಡಿ ಕಳಿಸಿದರೆ ಅದೂ ವಾಪಸ್. ಏಕೆ ಹೀಗೆ?

ಉತ್ತರ: ದಾರಿಯಲ್ಲಿ ನಿಮ್ಮ ಫೈಲು ದಪ್ಪಗಾಗಿದೆ. ಇಮೇಲ್ ಹುಟ್ಟಿದ್ದು ಬರೀ ಅಕ್ಷರಗಳ ಕಾಗದಕ್ಕಾಗಿ. ಮೇಲ್ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮದಲ್ಲಿ ಸಾಗುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು ಮಾತ್ರ. ಫೋಟೊ, ಪಿಡಿಎಫ್ ಕಳಿಸಲು 1992ರಲ್ಲಿ ಮೈಮ್ ಎಂಬ ವ್ಯವಸ್ಥೆ ಬಂತು. ಅದು ಹಳೆಯ ದಾರಿಯನ್ನು ಅಗಲ ಮಾಡಲಿಲ್ಲ, ಫೈಲನ್ನೇ ಅಕ್ಷರಗಳಾಗಿ ಬಿಡಿಸಿ ಕಳಿಸುವ ಉಪಾಯ ಹೂಡಿತು. ಇದಕ್ಕೆ ಬೇಸ್64 ಎನ್ನುತ್ತಾರೆ. ಫೈಲಿನ ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ, 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ. ಅಲ್ಲಿಗೆ 20 ಎಂಬಿ ಫೈಲು 27 ಎಂಬಿ ದಾಟಿತು.

ಕಣ್ಣಾರೆ ನೋಡಬೇಕೇ? ಜಿಮೇಲ್‌ನಲ್ಲಿ ಪಿಡಿಎಫ್ ಇರುವ ಮೇಲ್ ತೆರೆದು, ಮೂರು ಚುಕ್ಕೆ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಕೆಳಗೆ ಹೋದಂತೆ ಅರ್ಥವಿಲ್ಲದ ಅಕ್ಷರಗಳ ಗೋಡೆಯೇ ಸಿಗುತ್ತದೆ. ಲಗತ್ತಿಸಿದ್ದು ಪಿಡಿಎಫ್ ಆಗಿದ್ದರೆ ಆ ಗೋಡೆ ಸಾಮಾನ್ಯವಾಗಿ ‘ಜೆ, ವಿ, ಬಿ, ಇ, ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಪಿಡಿಎಫ್‌ನ ಮೊದಲ ಬೈಟ್‌ಗಳು ಬೇಸ್64ರಲ್ಲಿ ಕಾಣುವುದೇ ಹಾಗೆ.

ಹಲವು ಸರ್ವರ್‌ಗಳು ಅಳೆಯುವುದು ಈ ಉಬ್ಬಿದ ಗಾತ್ರವನ್ನು. ಹಾಗಾಗಿ ಮಿತಿಯ ನಾಲ್ಕರಲ್ಲಿ ಮೂರು ಪಾಲಿಗಿಂತ ಕಡಿಮೆ ಇಟ್ಟುಕೊಳ್ಳಿ. 25 ಎಂದರೆ 18, ಹತ್ತು ಎಂದರೆ 7. ವಾಪಸ್ ಬಂದ ಮೇಲ್‌ನಲ್ಲಿ 552 ಅಥವಾ 5.3.4 ಎಂಬ ಸಂಖ್ಯೆ ಕಂಡರೆ ತಕರಾರು ಬಹುಮಟ್ಟಿಗೆ ಗಾತ್ರದ್ದೇ, ವಿಳಾಸದ್ದಲ್ಲ.

ಇನ್ನು ಜಿಪ್. ಅದು ಪಠ್ಯವನ್ನು ಚೆನ್ನಾಗಿ ಕುಗ್ಗಿಸುತ್ತದೆ. ಜೆಪಿಜಿ, ವಿಡಿಯೊ, ಸ್ಕ್ಯಾನ್ ಮಾಡಿದ ಪಿಡಿಎಫ್ ಮೊದಲೇ ಹಿಂಡಿದ ಸರಕು, ಮತ್ತೆ ಹಿಂಡಿದರೆ ಏನೂ ಬರುವುದಿಲ್ಲ. ಸ್ಕ್ಯಾನ್ ಪ್ರತಿಯಾದರೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಬದಲು 200ರಲ್ಲಿ, ಬಣ್ಣ ಬೇಡವಾದರೆ ಗ್ರೇಸ್ಕೇಲ್‌ನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಡಿಪಿಐ ಮೂರನೇ ಒಂದಾದರೆ ಚುಕ್ಕೆಗಳ ಸಂಖ್ಯೆ ಒಂಬತ್ತನೇ ಒಂದಾಗುತ್ತದೆ. ಓದಲು 200 ಧಾರಾಳ ಸಾಕು.

ಪ್ರಶ್ನೆ: ಗೂಗಲ್ ಡ್ರೈವ್ ಲಿಂಕ್ ಕಳಿಸಿದರೆ ‘ಅನುಮತಿ ಕೇಳಿ’ ಅಂತ ಬರುತ್ತದೆಯಂತೆ. ನನಗೆ ಮಾತ್ರ ಸರಿಯಾಗಿ ತೆರೆಯುತ್ತದೆ.

ಉತ್ತರ: ನಿಮಗೆ ತೆರೆಯದೆ ಇನ್ನೇನು, ಮಾಲೀಕರು ನೀವೇ! ಲಗತ್ತಿಸಿ ಕಳಿಸಿದರೆ ಫೈಲಿನ ಪ್ರತಿಯೇ ಅವರ ಕೈ ಸೇರುತ್ತದೆ. ಲಿಂಕ್ ಕಳಿಸಿದರೆ ಫೈಲು ನಿಮ್ಮಲ್ಲೇ ಇರುತ್ತದೆ, ಅವರಿಗೆ ಹೋಗುವುದು ವಿಳಾಸ ಮಾತ್ರ. ಬೀಗ ತೆಗೆಯುವ ಕೆಲಸ ಬೇರೆ ಇದೆ.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೇರ್’ ತೆರೆಯಿರಿ. ಕೆಳಗೆ ‘ಜನರಲ್ ಆ್ಯಕ್ಸೆಸ್’ ಎಂಬಲ್ಲಿ ‘ರಿಸ್ಟ್ರಿಕ್ಟೆಡ್’ ಇದ್ದರೆ ನೀವು ಹೆಸರಿಸಿದವರಿಗಷ್ಟೇ ಪ್ರವೇಶ. ಒಬ್ಬಿಬ್ಬರಿಗಾದರೆ ಮೇಲಿನ ಚೌಕದಲ್ಲಿ ಅವರ ಇಮೇಲ್ ಹಾಕುವುದೇ ವಾಸಿ. ಆದರೆ ಅವರು ಯಾವ ಖಾತೆಯಲ್ಲಿ ಲಾಗಿನ್ ಆಗಿದ್ದಾರೋ ಅದೇ ವಿಳಾಸ ಬೇಕು, ಮುಕ್ಕಾಲುಪಾಲು ಗೊಂದಲ ಇಲ್ಲೇ. ತುಂಬ ಜನರಿಗಾದರೆ ‘ಎನಿಒನ್ ವಿತ್ ದ ಲಿಂಕ್’ ಮಾಡಿ, ಪಕ್ಕದಲ್ಲಿ ‘ವ್ಯೂವರ್’ ಇದೆಯೇ ನೋಡಿ. ‘ಎಡಿಟರ್’ ಅಂತ ಬಿಟ್ಟರೆ ಲಿಂಕ್ ಸಿಕ್ಕ ಯಾರು ಬೇಕಾದರೂ ತಿದ್ದಬಹುದು. ಗುರುತಿನ ಚೀಟಿ, ಬ್ಯಾಂಕ್ ಕಾಗದಗಳನ್ನು ಹೀಗೆ ಎಲ್ಲರಿಗೂ ತೆರೆದಿಡಬೇಡಿ. ಲಿಂಕ್ ಫಾರ್ವರ್ಡ್ ಆದರೆ ನಿಮಗೆ ತಿಳಿಯುವುದೇ ಇಲ್ಲ.

ಕಳಿಸುವ ಮುಂಚೆ ಅದೇ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ನೀವು ಲಾಗಿನ್ ಆಗಿರುವುದಿಲ್ಲ, ಹೊರಗಿನವರಿಗೆ ಕಾಣುವುದೇ ನಿಮಗೂ ಕಾಣುತ್ತದೆ.

ಫೈಲಿನಲ್ಲಿ ತಪ್ಪಿತ್ತೆಂದು ಅಳಿಸಿ ಹೊಸದು ಹಾಕಿದರೆ ಹಳೆಯ ಲಿಂಕ್ ಸತ್ತಂತೆ. ಅದರ ಬದಲು ‘ಫೈಲ್ ಇನ್ಫರ್ಮೇಶನ್’ ಒಳಗಿನ ‘ಮ್ಯಾನೇಜ್ ವರ್ಶನ್ಸ್’ನಿಂದ ಹೊಸ ಆವೃತ್ತಿ ಏರಿಸಿ, ಲಿಂಕ್ ಹಾಗೇ ಉಳಿಯುತ್ತದೆ.

ಪ್ರಶ್ನೆ: ಅಪ್‌ಲೋಡ್ ವೇಗ 10 ಎಂಬಿಪಿಎಸ್ ಅನ್ನುತ್ತಾರೆ. 500 ಎಂಬಿ ವಿಡಿಯೊ 50 ಸೆಕೆಂಡಿನಲ್ಲಿ ಏರಬೇಕಲ್ಲವೇ?

ಉತ್ತರ: ಎಂಬಿಪಿಎಸ್‌ನ ‘ಬಿ’ ಬಿಟ್, ಫೈಲಿನ ‘ಬಿ’ ಬೈಟ್. 8 ಬಿಟ್‌ಗೆ ಒಂದು ಬೈಟ್. ಲೆಕ್ಕ ಹಾಕಿದರೆ 400 ಸೆಕೆಂಡು, ಅಂದರೆ ಆರೂಮುಕ್ಕಾಲು ನಿಮಿಷದ ಹತ್ತಿರ; ನಿಜದಲ್ಲಿ ಇನ್ನೂ ತುಸು ಹೆಚ್ಚು. ನಡುವೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದರೆ ಅಪ್‌ಲೋಡ್ ನಿಲ್ಲುತ್ತದೆ, ಅಷ್ಟು ಹೊತ್ತು ಸ್ಲೀಪ್ ಆಫ್ ಮಾಡಿಡಿ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಪ್ರಿಂಟ್‌ಗೆ ಬರುವುದಿಲ್ಲ ಎನ್ನುತ್ತಾರೆ.

ಉತ್ತರ: ಫೋಟೊ ಅಂತ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ. ಪೇಪರ್‌ಕ್ಲಿಪ್ ಒತ್ತಿ ‘ಡಾಕ್ಯುಮೆಂಟ್’ ಮೂಲಕ ಆರಿಸಿ ಕಳಿಸಿ, ಮೂಲ ಗಾತ್ರದಲ್ಲೇ ಹೋಗುತ್ತದೆ.

ಪ್ರಶ್ನೆ: ಗುರುತಿಲ್ಲದವರಿಂದ ಬಂದ ‘ಇನ್‌ವಾಯ್ಸ್.ಪಿಡಿಎಫ್’ ತೆರೆಯಬಹುದೇ?

ಉತ್ತರ: ಮೊದಲು ಅದು ನಿಜವಾಗಿ ಪಿಡಿಎಫ್ ಹೌದೋ ಅಲ್ಲವೋ ನೋಡಿ. ವಿಂಡೋಸ್ ಪರಿಚಿತ ಫೈಲುಗಳ ಹೆಸರಿನ ಬಾಲವನ್ನು ತಾನಾಗಿ ಮುಚ್ಚಿಡುತ್ತದೆ. ಇಎಕ್ಸ್‌ಇ ಬಾಲವಿದ್ದರೆ ಅದು ಕಾಗದವಲ್ಲ, ತೆರೆದೊಡನೆ ಓಡುವ ಪ್ರೋಗ್ರಾಂ. ‘ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ’ ನಿಮ್ಮ ಕಣ್ಣಿಗೆ ‘ಇನ್‌ವಾಯ್ಸ್.ಪಿಡಿಎಫ್’ ಆಗಿಯೇ ಕಾಣುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಗುರುತು ಹಾಕಿ. ಒಮ್ಮೆ ಹಾಕಿದರೆ ಸಾಕು.

ಜಿಮೇಲ್ ಇಎಕ್ಸ್‌ಇ ಫೈಲುಗಳನ್ನು ಜಿಪ್‌ನೊಳಗಿದ್ದರೂ ತಡೆಯುತ್ತದೆ. ಅದಕ್ಕೇ ವಂಚಕರು ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿ, ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಮೇಲ್‌ನ ವೈರಸ್ ಸ್ಕ್ಯಾನರ್ ಇಣುಕಲಾರದು. ಬೀಗದ ಜೊತೆಗೇ ಕೀಲಿಕೈ ಕಳಿಸುವವರು ಗುಟ್ಟು ಕಾಯುತ್ತಿಲ್ಲ ಅಂತ ಅಲ್ಲೇ ಅನುಮಾನ ಬರಬೇಕು. ಲಗತ್ತಾಗಿ ಬಂದ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲು ತೆರೆದೊಡನೆ ಇಮೇಲ್ ಪಾಸ್‌ವರ್ಡ್ ಕೇಳಿದರೆ ಅದೂ ಬಲೆಯೇ, ಮುಚ್ಚಿಬಿಡಿ.

ಪ್ರಶ್ನೆ: ತಪ್ಪಾದ ಫೈಲ್ ಕಳಿಸಿದ್ದನ್ನು ಹಿಂದಕ್ಕೆ ಕರೆಸಬಹುದೇ?

ಉತ್ತರ: ಜಿಮೇಲ್‌ನಲ್ಲಿ ‘ಅನ್‌ಡೂ’ಗೆ ಹೆಚ್ಚೆಂದರೆ 30 ಸೆಕೆಂಡು ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ 5ರ ಬದಲು 30 ಮಾಡಿಟ್ಟುಕೊಳ್ಳಿ. ಆಮೇಲೆ ಲಗತ್ತು ಅವರದೇ. ಲಿಂಕ್ ಆಗಿದ್ದರೆ ‘ರಿಸ್ಟ್ರಿಕ್ಟೆಡ್’ಗೆ ತಿರುಗಿಸಿ, ಅವರ ಹೆಸರು ಹಾಕಿದ್ದರೆ ಅದನ್ನೂ ತೆಗೆಯಿರಿ, ಬಾಗಿಲು ಮುಚ್ಚುತ್ತದೆ, ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡಿದ್ದರೆ ಮಾತ್ರ ಏನೂ ಮಾಡುವಂತಿಲ್ಲ.