ಕೇಬಲ್ ತುಂಡಾಗದೇ ನೆಟ್ ಹೋಗುವುದು ಯಾಕೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಹೋಂಸ್ಟೇ ಇದೆ. ಮಳೆ ಹಿಡಿದಾಗಿನಿಂದ ಫೈಬರ್ ಮೋಡೆಮ್‌ನಲ್ಲಿ ಕೆಂಪು ದೀಪ ಬರುತ್ತದೆ, ಹೋಗುತ್ತದೆ. ಕೇಬಲ್ ಎಲ್ಲೂ ತುಂಡಾಗಿಲ್ಲ. ತುದಿ ಬಿಚ್ಚಿ ಊದಿ ಹಾಕಿದರೆ ಕೆಲವು ಸಲ ಸರಿಹೋಗುತ್ತದೆ. ಬೆಳಕು ಬರ್ತಿದೆಯಾ ಅಂತ ತುದಿಯೊಳಗೆ ನೋಡಿದರೆ ಏನೂ ಕಾಣಲ್ಲ.

ಉತ್ತರ: ಮೊದಲು ಆ ನೋಡುವುದನ್ನು ನಿಲ್ಲಿಸಿ, ದಯವಿಟ್ಟು. ಮನೆಗೆ ಬರುವ ಬೆಳಕು ಸಾಮಾನ್ಯವಾಗಿ 1490 ನ್ಯಾನೋಮೀಟರ್ ತರಂಗಾಂತರದ್ದು, ಲೈನ್ ಚೆನ್ನಾಗಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಮನೆ ತಲುಪುವಷ್ಟರಲ್ಲಿ ಅದರ ಶಕ್ತಿ ಕಮ್ಮಿಯಾಗಿರುತ್ತದೆ ನಿಜ, ಆದರೆ ಎಲ್ಲ ಫೈಬರ್‌ನಲ್ಲೂ ಹಾಗಿರುವುದಿಲ್ಲ, ಜೋರಿನ ಬೆಳಕು ಕಣ್ಣಿಗೆ ಹಾನಿ ಮಾಡಬಹುದು, ಕಾಣದ ಬೆಳಕಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ.

ಊದುವುದೂ ಬೇಡ. ಬೆಳಕು ಹರಿಯುವ ಗಾಜಿನ ದಾರಿ ಬರೀ 9 ಮೈಕ್ರಾನ್ ಅಗಲ, ತಲೆಗೂದಲಿಗಿಂತ ಎಷ್ಟೋ ಸಣ್ಣ. ಉಸಿರಿನ ತೇವ, ಎಂಜಲು ಅಲ್ಲಿ ಕೂತು ಒಣಗಿದರೆ ಕಲೆ ಉಳಿಯುತ್ತದೆ. ಅಂಗಿ ತುದಿಯಲ್ಲಿ ಒರೆಸುವುದು, ಸ್ಯಾನಿಟೈಸರ್ ಹಾಕುವುದು ಇನ್ನೂ ಕೆಟ್ಟದ್ದು. ಪೆನ್ನಿನ ಹಾಗಿರುವ ಒನ್ ಕ್ಲಿಕ್ ಕ್ಲೀನರ್ ಸಿಗುತ್ತದೆ, ಒತ್ತಿದರೆ ಒಳಗಿನ ದಾರ ತುದಿಯನ್ನು ಒರೆಸುತ್ತದೆ. ಹೋಂಸ್ಟೇಯಲ್ಲಿ ಒಂದು ಇಟ್ಟುಕೊಳ್ಳಿ. ಬಿಚ್ಚಿದ ತುದಿಗೆ ಕೂಡಲೇ ಕ್ಯಾಪ್ ಹಾಕಿ. ಹಸಿರು ಬಣ್ಣದ ಕನೆಕ್ಟರ್‌ನ ಮುಖ 8 ಡಿಗ್ರಿ ಓರೆಯಾಗಿರುತ್ತದೆ, ನೀಲಿಯದ್ದು ಹಾಗಲ್ಲ, ಇವೆರಡನ್ನು ಎದುರುಬದುರು ಸೇರಿಸಬಾರದು.

ಆದರೆ ಮಳೆಗಾಲದಲ್ಲೇ ಶುರುವಾಗಿದೆ ಅಂತೀರಲ್ಲ, ನನ್ನ ಅನುಮಾನ ಕೇಬಲ್ ಬಾಗಿರುವ ಮೇಲೆ. ತೋಟದೊಳಗಿಂದ ಬರುವ ಕೇಬಲ್ ಮೇಲೆ ಸಿಲ್ವರ್ ಓಕ್ ಕೊಂಬೆ ಒರಗಿದೆಯಾ, ಕಿಟಕಿ ಸಂದಿಯಲ್ಲಿ ಒತ್ತಿದೆಯಾ, ಗೋಡೆಗೆ ಹೊಡೆದ ಕ್ಲಿಪ್ ಬಿಗಿಯಾಗಿದೆಯಾ ನೋಡಿ. ಜಾಸ್ತಿ ಬಾಗಿದ ಕಡೆ ಗಾಜು ತುಂಡಾಗದೇ ಬೆಳಕು ಹೊರಗೆ ಸೋರಿ ಹೋಗುತ್ತದೆ. ಮಿಕ್ಕ ಕೇಬಲ್ ಸುತ್ತಿಡುವಾಗ ಸುತ್ತು ಊಟದ ತಟ್ಟೆಯಷ್ಟು ಅಗಲ ಇರಲಿ. ಲೈನ್‌ಮ್ಯಾನ್ ಬಂದರೆ ಪವರ್ ಮೀಟರ್‌ನಲ್ಲಿ ಎಷ್ಟು ತೋರಿಸುತ್ತಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೈನಸ್ 18 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಇದ್ದದ್ದು ಮೈನಸ್ 28 ಆಗಿದ್ದರೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ ಅಂತ ಅರ್ಥ, ಕೆಂಪು ದೀಪ ಬಂದು ಹೋಗುವುದು ಹೀಗಿದ್ದಾಗಲೇ.

ಪ್ರಶ್ನೆ: ಸಿದ್ದಾಪುರದ ನಮ್ಮ ಮನೆಯಿಂದ ಕಾಫಿ ಕಣದ ಕ್ಯಾಮೆರಾಗೆ ಫೈಬರ್ ಎಳೆದಿದ್ದೇವೆ, ಅರ್ಧ ಕಿ.ಮೀ. ಇರಬಹುದು. ಒಂದು ಎಸ್‌ಎಫ್‌ಪಿ (ಫೈಬರ್‌ನಲ್ಲಿ ಬೆಳಕು ಕಳಿಸಿ ಪಡೆಯಲು ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸುವ ಸಣ್ಣ ಮಾಡ್ಯೂಲ್) ಕೆಟ್ಟಿತು. ಅಂಗಡಿಯಲ್ಲಿ 80 ಕಿ.ಮೀ. ದೂರಕ್ಕೆ ಕಳಿಸುವಂಥದ್ದು ಕೊಟ್ಟರು. ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ, ವಾಪಸ್ ಕೊಡಿ. ಅಷ್ಟು ಜೋರಿನ ಲೇಸರ್ ಅರ್ಧ ಕಿ.ಮೀ.ಯಲ್ಲಿ ಎದುರಿನ ರಿಸೀವರ್ ತಡೆಯುವುದಕ್ಕಿಂತ ಜಾಸ್ತಿ, ಅದು ಸುಟ್ಟೂ ಹೋಗಬಹುದು. 10 ಕಿ.ಮೀ.ದು ಸಾಕು. ಒಂದೇ ಎಳೆಯಲ್ಲಿ ಹೋಗಿ ಬರುವ ಬೈಡೈ ಮಾಡ್ಯೂಲ್ ಆಗಿದ್ದರೆ ಜೋಡಿ ನೋಡಿ ತನ್ನಿ: ಒಂದು ಕಡೆ 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆಯುವುದಾದರೆ ಇನ್ನೊಂದು ಕಡೆ ಅದರ ಉಲ್ಟಾ ಇರಬೇಕು, ಎರಡೂ ಒಂದೇ ಆದರೆ ಲಿಂಕ್ ಬರಲ್ಲ.

ಬದಲಿಸುವಾಗ ನೆಟ್‌ವರ್ಕ್ ಸ್ವಿಚ್‌ನ ಕರೆಂಟ್ ಆಫ್ ಮಾಡಬೇಕಿಲ್ಲ. ಮೊದಲು ಫೈಬರ್ ಬಿಚ್ಚಿ, ಆಮೇಲೆ ಮಾಡ್ಯೂಲ್‌ನ ಸಣ್ಣ ಹಿಡಿಕೆ ಇಳಿಸಿ ನೇರವಾಗಿ ಎಳೆಯಿರಿ. ಮುಟ್ಟುವ ಮುಂಚೆ ಅರ್ತ್ ಇರುವ ಲೋಹ ಮುಟ್ಟಿ, ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಕಣದ ಧೂಳು ಗೊತ್ತಲ್ಲ, ಖಾಲಿ ಮಾಡ್ಯೂಲ್‌ಗೆ ರಬ್ಬರ್ ಮುಚ್ಚಳ ಇರಲೇಬೇಕು.

ಪ್ರಶ್ನೆ: ಫೈಬರ್‌ಗೆ ಸಿಡಿಲು ಹೊಡೆಯಲ್ಲ ಅಂತಾರೆ, ನಮ್ಮ ಮೋಡೆಮ್ ಸುಟ್ಟಿತಲ್ಲ? (ಸೋಮವಾರಪೇಟೆಯಿಂದ)

ಉತ್ತರ: ಗಾಜಿನಲ್ಲಿ ಕರೆಂಟ್ ಹರಿಯಲ್ಲ, ಅದು ಸರಿ. ಆದರೆ ಕಂಬದಿಂದ ಬರುವ ಕೇಬಲ್‌ನ ಪಕ್ಕ ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯ ಕೊಕ್ಕೆಯಲ್ಲೇ ನಿಲ್ಲಿಸಿ ಬರೀ ಫೈಬರ್ ಒಳಗೆ ತರಿಸಿ. ಜಾಸ್ತಿ ಸುಡುವುದು ಕರೆಂಟ್ ಲೈನ್‌ನಿಂದ, ಹಾಗಾಗಿ ಮೋಡ ಕಟ್ಟುತ್ತಿದ್ದಂತೆ ಅಡಾಪ್ಟರ್ ಕಿತ್ತಿಡಿ, ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ರಿಪೇರಿಯವರು ಫೈಬರ್ ಕತ್ತರಿಸಿದ ಜಾಗದಲ್ಲಿ ಗಾಜಿನ ಚೂರು ಬಿದ್ದಿರುತ್ತದೆ, ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಟೇಪಿನಲ್ಲಿ ಅಂಟಿಸಿ ತೆಗೆದು ಮುಚ್ಚಳದ ಡಬ್ಬಿಗೆ ಹಾಕಿಸಿ, ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.